ಹೋಮ್ಸ್‌ನ ದೇಹದಲ್ಲಿ ಹತ್ತು ವರ್ಷ

ನಟನೆಯ ಬಗ್ಗೆ ಮಾತನಾಡುವಾಗ ಕನ್ನಡದಲ್ಲಿ ಸುಲಭವಾಗಿ ಬಳಕೆಯಾಗುವ ಮಾತು 'ಪರಕಾಯ ಪ್ರವೇಶ'. ನಟ ಚೆನ್ನಾಗಿ ಅಭಿನಯಿಸಿದ ಎನ್ನುವ ಬದಲು ಆತ ಪಾತ್ರದ ದೇಹವನ್ನೇ ಹೊಕ್ಕ ಎನ್ನುತ್ತೇವೆ. ಆದರೆ ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕ ಕಥೆಯಲ್ಲಿ ಒಂದು ಎಚ್ಚರಿಕೆಯೂ ಇದೆ. ಹೊಕ್ಕವನಿಗೆ ತಾನು ಯಾರೆಂಬುದೇ ಮರೆತುಹೋಗಬಹುದು. ಅವನು ಬಿಟ್ಟುಹೋದ ದೇಹವನ್ನು ಶಿಷ್ಯರು ಹಗಲಿರುಳು ಕಾಯಬೇಕು. ಇಂಗ್ಲೆಂಡಿನ ನಟ ಜೆರೆಮಿ ಬ್ರೆಟ್‌ನ ಬದುಕನ್ನು ಓದುವವರಿಗೆ ಈ ಕಥೆ ನೆನಪಾದರೆ ಆಶ್ಚರ್ಯವಿಲ್ಲ.

1984ರಿಂದ 1994ರವರೆಗೆ ಬ್ರೆಟ್ ಬ್ರಿಟನ್ನಿನ ಗ್ರನಾಡಾ ಟೆಲಿವಿಷನ್ ಸಂಸ್ಥೆಗಾಗಿ ಷರ್ಲಾಕ್ ಹೋಮ್ಸ್‌ನ ಪಾತ್ರ ವಹಿಸಿದ. ಒಟ್ಟು 41 ಕಂತುಗಳು. ಸರ್ ಆರ್ಥರ್ ಕಾನನ್ ಡಾಯ್ಲ್ ಬರೆದ 60 ಹೋಮ್ಸ್ ಕಥೆ, ಕಾದಂಬರಿಗಳಲ್ಲಿ 40ಕ್ಕೂ ಹೆಚ್ಚು ಆ ಹತ್ತು ವರ್ಷಗಳಲ್ಲಿ ತೆರೆಗೆ ಬಂದವು. ಹೋಮ್ಸ್ ಅಂದರೆ ಬ್ರೆಟ್, ಬ್ರೆಟ್ ಅಂದರೆ ಹೋಮ್ಸ್ ಎಂದು ಹೇಳುವವರು ಇಂದಿಗೂ ಜಗತ್ತಿನಾದ್ಯಂತ ಇದ್ದಾರೆ. ಅದರ ಜೊತೆಗೇ ಇನ್ನೊಂದು ಮಾತೂ ಪ್ರಚಾರದಲ್ಲಿದೆ: ಆ ಪಾತ್ರವೇ ಬ್ರೆಟ್‌ನ ಬುದ್ಧಿಯನ್ನು ಕೆಡಿಸಿತು, ಆ ಪಾತ್ರವೇ ಅವನನ್ನು ಕೊಂದಿತು ಎಂಬುದು. ಈ ಮಾತು ಎಷ್ಟರ ಮಟ್ಟಿಗೆ ನಿಜ? ಉತ್ತರಕ್ಕೆ ಬ್ರೆಟ್‌ನ ಬದುಕನ್ನೇ ಕೇಳಬೇಕು.

ದರ್ಜಿ ಕೊಟ್ಟ ಹೆಸರು

ಪೀಟರ್ ಜೆರೆಮಿ ವಿಲಿಯಂ ಹಗಿನ್ಸ್ ಹುಟ್ಟಿದ್ದು 1933ರ ನವೆಂಬರ್ 3ರಂದು, ಇಂಗ್ಲೆಂಡಿನ ವಾರಿಕ್‌ಶೈರ್ ಪ್ರಾಂತದ ಬರ್ಕ್ಸ್‌ವೆಲ್ ಎಂಬ ಹಳ್ಳಿಯ ದೊಡ್ಡ ಮನೆಯೊಂದರಲ್ಲಿ. ತಂದೆ ಸೇನೆಯಲ್ಲಿ ಕರ್ನಲ್. ನಾಲ್ವರು ಗಂಡುಮಕ್ಕಳಲ್ಲಿ ಜೆರೆಮಿಯೇ ಕಿರಿಯವ. ಓದಿದ್ದು ಶ್ರೀಮಂತರ ಮಕ್ಕಳು ಓದುವ ಈಟನ್ ಶಾಲೆಯಲ್ಲಿ. ಆದರೆ ಓದು ಅವನಿಗೆ ಒಗ್ಗಲಿಲ್ಲ. ಅಕ್ಷರಗಳು ಕಣ್ಣೆದುರು ಕಲಸಿಹೋಗುವ ಡಿಸ್ಲೆಕ್ಸಿಯಾ ತೊಂದರೆ ಅದಕ್ಕೆ ಕಾರಣವೆಂದು ಮುಂದೆ ಆತ ಹೇಳಿಕೊಂಡ. ಶಾಲೆಯಲ್ಲಿ ಅವನಿಗೆ ಹೆಸರು ತಂದದ್ದು ಪ್ರಾರ್ಥನಾ ಮಂದಿರದ ಗಾಯನ ತಂಡದಲ್ಲಿದ್ದ ಅವನ ಕಂಠ.

ಆ ಕಂಠಕ್ಕೂ ಒಂದು ಊನವಿತ್ತು. ನಾಲಿಗೆಯ ತೊಂದರೆಯಿಂದಾಗಿ 'ರ'ಕಾರ ಸರಿಯಾಗಿ ಹೊರಡುತ್ತಿರಲಿಲ್ಲ. ಹದಿಹರೆಯದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ವರ್ಷಗಟ್ಟಲೆ ಉಚ್ಚಾರಣೆಯ ಸಾಧನೆ. ನಟನಾಗಿ ಹೆಸರು ಮಾಡಿದ ಮೇಲೂ ಆತ ಈ ಅಭ್ಯಾಸವನ್ನು ದಿನವೂ ಮಾಡುತ್ತಿದ್ದನಂತೆ. ಒಂದೊಂದು ಅಕ್ಷರವನ್ನೂ ಕತ್ತರಿಸಿ ಇಟ್ಟಂತೆ ಮಾತನಾಡುವ ಬ್ರೆಟ್‌ನ ಹೋಮ್ಸ್‌ನನ್ನು ಕಂಡವರಿಗೆ, ಆ ಸ್ಪಷ್ಟತೆಯ ಹಿಂದೆ ಇಂಥದೊಂದು ಪರಿಶ್ರಮ ಇತ್ತೆಂದು ಊಹಿಸುವುದು ಕಷ್ಟ.

16ನೇ ವಯಸ್ಸಿನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಸಂಧಿವಾತದ ಜ್ವರ ಬಂದು ಹುಡುಗನ ಹೃದಯಕ್ಕೆ ಹಾನಿಯಾಯಿತು. ಈ ಸಂಗತಿಯನ್ನು ಓದುಗರು ನೆನಪಿಡಬೇಕು. ಕಥೆಯ ಕೊನೆಯಲ್ಲಿ ಇದು ಮತ್ತೆ ಬರುತ್ತದೆ.

ಮಗ ನಟನಾಗುತ್ತೇನೆಂದಾಗ ತಂದೆಗೆ ಅದು ಮನೆತನಕ್ಕೆ ಒಪ್ಪುವ ಕೆಲಸವಾಗಿ ಕಾಣಲಿಲ್ಲ. ನಾಟಕ ಮಾಡುವುದಾದರೆ ಹಗಿನ್ಸ್ ಎಂಬ ಹೆಸರನ್ನು ಬಳಸಕೂಡದೆಂದು ಅವರು ಕಟ್ಟುಮಾಡಿದರು. ಹುಡುಗನಿಗೆ ಹೊಸ ಹೆಸರು ಸಿಕ್ಕಿದ್ದು ತನ್ನ ಸೂಟಿನ ಒಳಗೆ. ಅಲ್ಲಿ ಹೊಲಿದಿದ್ದ ದರ್ಜಿ ಅಂಗಡಿಯ ಚೀಟಿಯಲ್ಲಿ 'ಬ್ರೆಟ್ ಅಂಡ್ ಕಂಪನಿ' ಎಂದಿತ್ತು. ಅಂದಿನಿಂದ ಆತ ಜೆರೆಮಿ ಬ್ರೆಟ್.

ಚೆಲುವನ ಪಾಡು

ಲಂಡನ್ನಿನ ಸೆಂಟ್ರಲ್ ಸ್ಕೂಲ್‌ನಲ್ಲಿ ನಟನೆ ಕಲಿತ ಬ್ರೆಟ್ 1954ರಲ್ಲಿ ಮ್ಯಾಂಚೆಸ್ಟರಿನ ಲೈಬ್ರರಿ ಥಿಯೇಟರಿನಲ್ಲಿ ವೃತ್ತಿ ಆರಂಭಿಸಿದ. ಎರಡೇ ವರ್ಷಗಳಲ್ಲಿ ಲಂಡನ್ನಿನ ಹೆಸರಾಂತ ಓಲ್ಡ್ ವಿಕ್ ತಂಡಕ್ಕೆ ಸೇರಿದ. 1956ರಲ್ಲೇ ಟಾಲ್‌ಸ್ಟಾಯ್ ಕಾದಂಬರಿಯನ್ನು ಆಧರಿಸಿದ 'ವಾರ್ ಅಂಡ್ ಪೀಸ್' ಚಿತ್ರದಲ್ಲಿ ನಿಕೊಲಸ್ ರೊಸ್ತೋವ್‌ನ ಪಾತ್ರ ಸಿಕ್ಕಿತು. ಎತ್ತರದ ನಿಲುವು, ಚೂಪು ಮೂಗು, ಸುಂದರ ಮುಖ. ನಾಯಕನಾಗಲು ಇನ್ನೇನು ಬೇಕು ಎಂದು ಅನ್ನಿಸುವಂತಿದ್ದ.

ಆದರೆ ಈ ಚೆಲುವೇ ಅವನಿಗೆ ತೊಡಕಾಯಿತು. ಬಂದ ಪಾತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾಡಿನವು: ಕುಲೀನ ತರುಣ, ಪ್ರೇಮಿ, ಕತ್ತಿ ಹಿಡಿದ ವೀರ. ಇದಕ್ಕೆ ಒಳ್ಳೆಯ ಉದಾಹರಣೆ 1964ರ ಹಾಲಿವುಡ್ ಚಿತ್ರ 'ಮೈ ಫೇರ್ ಲೇಡಿ'. ಅದರಲ್ಲಿ ನಾಯಕಿಯ ಮನೆಯ ಬೀದಿಯಲ್ಲಿ ಅಡ್ಡಾಡುತ್ತ ಹಾಡುವ ಪ್ರೇಮಿ ಫ್ರೆಡಿಯ ಪಾತ್ರ ಬ್ರೆಟ್‌ನದು. ಚಿತ್ರ ಜಗತ್ಪ್ರಸಿದ್ಧವಾಯಿತು, ಹಾಡೂ ಪ್ರಸಿದ್ಧವಾಯಿತು. ಆದರೆ ಅದರಲ್ಲಿ ಕೇಳುವುದು ಬಿಲ್ ಷರ್ಲಿ ಎಂಬ ಇನ್ನೊಬ್ಬ ಗಾಯಕನ ದನಿ. ಶಾಲೆಯಲ್ಲಿ ಹಾಡಿ ಹೆಸರಾದವನು ತೆರೆಯ ಮೇಲೆ ತುಟಿ ಆಡಿಸಬೇಕಾಯಿತು.

ರಂಗಭೂಮಿ ಅವನನ್ನು ಇದಕ್ಕಿಂತ ಚೆನ್ನಾಗಿ ಬಳಸಿಕೊಂಡಿತು. 1967ರಿಂದ ಕೆಲವು ವರ್ಷ ಆತ ಲಾರೆನ್ಸ್ ಒಲಿವಿಯರ್ ಮುಖ್ಯಸ್ಥನಾಗಿದ್ದ ನ್ಯಾಷನಲ್ ಥಿಯೇಟರಿನಲ್ಲಿದ್ದ. ಹೆಣ್ಣು ಪಾತ್ರಗಳನ್ನೂ ಗಂಡಸರೇ ಮಾಡಿದ 'ಆ್ಯಸ್ ಯು ಲೈಕ್ ಇಟ್' ಪ್ರಯೋಗದಲ್ಲಿ ಅವನು ಓರ್ಲಾಂಡೊ. ಒಲಿವಿಯರ್ ಶೈಲಾಕ್ ಆಗಿದ್ದ 'ಮರ್ಚೆಂಟ್ ಆಫ್ ವೆನಿಸ್'ನಲ್ಲಿ ಬಸ್ಸಾನಿಯೊ. ಟೆಲಿವಿಷನ್ನಿನಲ್ಲಿಯೂ ಕೆಲಸಕ್ಕೆ ಕೊರತೆ ಇರಲಿಲ್ಲ. 1966ರಲ್ಲಿ ಬಿಬಿಸಿಯ 'ತ್ರೀ ಮಸ್ಕೆಟೀರ್ಸ್'ನಲ್ಲಿ ಡಾರ್ಟಾನಿಯನ್, 1979ರಲ್ಲಿ 'ರೆಬೆಕ್ಕಾ'ದಲ್ಲಿ ಮ್ಯಾಕ್ಸಿಂ ಡಿ ವಿಂಟರ್. ಈ 'ರೆಬೆಕ್ಕಾ'ದಲ್ಲಿ ಮನೆವಾರ್ತೆಯವಳಾದ ಶ್ರೀಮತಿ ಡ್ಯಾನ್ವರ್ಸ್ ಪಾತ್ರ ಮಾಡಿದ್ದು ನಟಿ ಆ್ಯನಾ ಮ್ಯಾಸಿ. ಆಕೆ ಬ್ರೆಟ್‌ನ ಮೊದಲ ಹೆಂಡತಿ. 1958ರಲ್ಲಿ ಮದುವೆಯಾಗಿ, ಒಬ್ಬ ಮಗ ಹುಟ್ಟಿ, 1962ರಲ್ಲಿ ಇಬ್ಬರೂ ಬೇರೆಯಾಗಿದ್ದರು.

1970ರ ದಶಕದಲ್ಲಿ ಬ್ರೆಟ್ ಅಮೆರಿಕದಲ್ಲಿಯೂ ಕೆಲಸ ಮಾಡಿದ. ಅಲ್ಲಿಯೇ ಜೋನ್ ವಿಲ್ಸನ್ ಪರಿಚಯವಾಗಿ, ಆಕೆ ಅವನ ಎರಡನೆಯ ಹೆಂಡತಿಯಾದಳು. ಬಾಸ್ಟನ್ನಿನ ಸಾರ್ವಜನಿಕ ಟೆಲಿವಿಷನ್ ಕೇಂದ್ರದಲ್ಲಿ ಆಕೆ ನಿರ್ಮಾಪಕಿ. ಬ್ರಿಟಿಷ್ ಧಾರಾವಾಹಿಗಳನ್ನು ಆರಿಸಿ ಅಮೆರಿಕದ ಮನೆಮನೆಗೆ ಮುಟ್ಟಿಸುವುದು ಆಕೆಯ ಕೆಲಸ. ಬ್ರೆಟ್‌ನ ಬದುಕಿನಲ್ಲಿ ನೆಮ್ಮದಿಯ ವರ್ಷಗಳು ಅವು.

ಒಂದು ವಿಚಿತ್ರವೆಂದರೆ, ಬ್ರೆಟ್ ಹೋಮ್ಸ್ ಆಗುವ ಮೊದಲೇ ವಾಟ್ಸನ್ ಆಗಿದ್ದ! 1980ರಲ್ಲಿ ಲಾಸ್ ಏಂಜಲೀಸಿನಲ್ಲಿ ನಡೆದ 'ದಿ ಕ್ರೂಸಿಫರ್ ಆಫ್ ಬ್ಲಡ್' ನಾಟಕದಲ್ಲಿ ಚಾರ್ಲ್ಟನ್ ಹೆಸ್ಟನ್ ಹೋಮ್ಸ್, ಬ್ರೆಟ್ ಡಾಕ್ಟರ್ ವಾಟ್ಸನ್. ಈ ಎರಡೂ ಪಾತ್ರಗಳನ್ನು ವೃತ್ತಿಯ ಮಟ್ಟದಲ್ಲಿ ಮಾಡಿದ ನಟರು ಬೆರಳೆಣಿಕೆಯಷ್ಟೇ.

ಮೂಲಕ್ಕೆ ಮರಳಿದ ಹೋಮ್ಸ್

ಕಾನನ್ ಡಾಯ್ಲ್ ತೀರಿಕೊಂಡದ್ದು 1930ರಲ್ಲಿ. ಅಂದಿನ ಬ್ರಿಟಿಷ್ ಕಾನೂನಿನಂತೆ ಲೇಖಕ ಸತ್ತ 50 ವರ್ಷಗಳವರೆಗೆ ಕೃತಿಸ್ವಾಮ್ಯ ಇರುತ್ತಿತ್ತು. 1980ರ ಕೊನೆಗೆ ಬ್ರಿಟನ್ನಿನಲ್ಲಿ ಅದು ಮುಗಿಯಿತು. ಮ್ಯಾಂಚೆಸ್ಟರಿನ ಗ್ರನಾಡಾ ಸಂಸ್ಥೆಯ ನಿರ್ಮಾಪಕ ಮೈಕೆಲ್ ಕಾಕ್ಸ್ ಆ ಹೊತ್ತಿಗೆ ಒಂದು ಯೋಜನೆ ಹಾಕಿಕೊಂಡಿದ್ದ. ಹೋಮ್ಸ್ ಕಥೆಗಳನ್ನು ಡಾಯ್ಲ್ ಬರೆದಂತೆಯೇ ತೆರೆಗೆ ತರಬೇಕು ಎಂಬುದು ಅವನ ಹಟ.

ಅದರಲ್ಲಿ ಹಟ ಮಾಡುವಂಥದ್ದೇನು ಎಂದು ಕೇಳಬಹುದು. ಆವರೆಗೆ ಜನರ ಮನಸ್ಸಿನಲ್ಲಿ ಕೂತಿದ್ದ ಹೋಮ್ಸ್ 1939ರಿಂದ 1946ರವರೆಗೆ 14 ಚಿತ್ರಗಳಲ್ಲಿ ನಟಿಸಿದ ಬೇಸಿಲ್ ರಾತ್‌ಬೋನ್. ಆ ಚಿತ್ರಗಳಲ್ಲಿ ಹೆಚ್ಚಿನವು ಹೋಮ್ಸ್‌ನನ್ನು ವಿಕ್ಟೋರಿಯಾ ರಾಣಿಯ ಕಾಲದಿಂದ ಕಿತ್ತು ಎರಡನೆಯ ಮಹಾಯುದ್ಧದ ಕಾಲಕ್ಕೆ ತಂದು ನಿಲ್ಲಿಸಿದ್ದವು. ವಾಟ್ಸನ್ ಅವುಗಳಲ್ಲಿ ನಗೆಪಾಟಲಿನ ಪೆದ್ದ. ಡಾಯ್ಲ್‌ನ ಪುಟಗಳಲ್ಲಿರುವ ವಾಟ್ಸನ್ ಹಾಗಲ್ಲ. ಆತ ಅಫಘಾನಿಸ್ತಾನದ ಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕ ವೈದ್ಯ, ಧೈರ್ಯಸ್ಥ, ಮಿತಭಾಷಿ. ಹೋಮ್ಸ್ ಸಹ ಸದಾ ಕಿವಿಮುಚ್ಚುವ ಟೊಪ್ಪಿಗೆ ಹಾಕಿ ಬಾಗಿದ ಪೈಪು ಸೇದುವವನಲ್ಲ. ಆ ಟೊಪ್ಪಿಗೆ ಹಳ್ಳಿಗಾಡಿನ ಪ್ರಯಾಣಕ್ಕೆ ಮಾತ್ರ. ಬಾಗಿದ ಪೈಪು ರಂಗಭೂಮಿಯಿಂದ ಅಂಟಿಕೊಂಡದ್ದು.

ಗ್ರನಾಡಾ ತಂಡ ಎಲ್ಲ ಕಥೆಗಳನ್ನೂ ಜಾಲಾಡಿ 77 ಪುಟಗಳ ಒಂದು ಕಡತವನ್ನು ಸಿದ್ಧಪಡಿಸಿತು. ಅದರ ಹೆಸರು 'ಬೇಕರ್ ಸ್ಟ್ರೀಟ್ ಫೈಲ್'. ಹೋಮ್ಸ್ ಏನು ಉಡುತ್ತಾನೆ, ಏನು ತಿನ್ನುತ್ತಾನೆ, ಹೇಗೆ ಕೂರುತ್ತಾನೆ ಎಂಬುದೆಲ್ಲ ಅದರಲ್ಲಿತ್ತು. ಹೋಮ್ಸ್ ತಂಬಾಕನ್ನು ಪರ್ಷಿಯನ್ ಚಪ್ಪಲಿಯ ಮೂತಿಯಲ್ಲಿ ತುರುಕಿಡುತ್ತಾನೆ, ಉತ್ತರಿಸದ ಪತ್ರಗಳನ್ನು ಅಗ್ಗಿಷ್ಟಿಕೆಯ ಮೇಲಿನ ಮರಕ್ಕೆ ಚಾಕುವಿನಿಂದ ಚುಚ್ಚಿಡುತ್ತಾನೆ ಎಂದು ಡಾಯ್ಲ್ ಬರೆದಿದ್ದರೆ, ತೆರೆಯ ಮೇಲೂ ಹಾಗೆಯೇ ಇರಬೇಕು. ಮ್ಯಾಂಚೆಸ್ಟರಿನಲ್ಲಿ ಬೇಕರ್ ಬೀದಿಯನ್ನೇ ಕಟ್ಟಿ ನಿಲ್ಲಿಸಿದರು.

ಬ್ರೆಟ್‌ಗೆ ಈ ಕಡತ ಪಾರಾಯಣದ ಗ್ರಂಥವಾಯಿತು. ಸ್ಕ್ರಿಪ್ಟ್ ಬಂದ ಕೂಡಲೇ ಮೂಲ ಕಥೆಯನ್ನು ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದ. ಎಲ್ಲಿ ಡಾಯ್ಲ್‌ನ ಮಾತು ಬಿಟ್ಟುಹೋಗಿದೆಯೋ ಅಲ್ಲಿ ಜಗಳಕ್ಕೇ ನಿಲ್ಲುತ್ತಿದ್ದ. ಕಥೆಗಳು ಮೊದಲು ಪ್ರಕಟವಾದ 'ಸ್ಟ್ರಾಂಡ್' ಪತ್ರಿಕೆಗೆ ಸಿಡ್ನಿ ಪ್ಯಾಜೆಟ್ ಬರೆದ ಚಿತ್ರಗಳಲ್ಲಿ ಹೋಮ್ಸ್ ಹೇಗೆ ನಿಂತಿದ್ದಾನೋ ಹಾಗೆಯೇ ನಿಲ್ಲುತ್ತಿದ್ದ. ಬರೆದದ್ದು ಸಾಲದೆಂದು ಬರೆಯದೆ ಬಿಟ್ಟದ್ದನ್ನೂ ತಾನೇ ತುಂಬಿಕೊಂಡ. ಹೋಮ್ಸ್‌ನ ಬಾಲ್ಯ ಹೇಗಿತ್ತು, ತಾಯಿಯ ಮುಖ ಅವನಿಗೆ ಎಷ್ಟು ಕಂಡಿತ್ತು ಎಂದೆಲ್ಲ ಕಲ್ಪಿಸಿಕೊಂಡ. ನಟ ಸ್ಪಂಜಿನಂತಿರಬೇಕು, ತನ್ನದನ್ನೆಲ್ಲ ಹಿಂಡಿ ತೆಗೆದು ಪಾತ್ರವನ್ನು ಹೀರಿಕೊಳ್ಳಬೇಕು ಎಂಬುದು ಅವನ ನಂಬಿಕೆ.

1984ರ ಏಪ್ರಿಲ್ 24ರಂದು 'ಎ ಸ್ಕ್ಯಾಂಡಲ್ ಇನ್ ಬೊಹೀಮಿಯಾ' ಪ್ರಸಾರವಾಯಿತು. ಬ್ರೆಟ್‌ಗೆ ಆಗ 50 ವರ್ಷ. ಪ್ರೇಕ್ಷಕರು ಕಂಡದ್ದು ಹೊಸ ಹೋಮ್ಸ್‌ನನ್ನು. ಈ ಹೋಮ್ಸ್ ಸೋಫಾದ ಮೇಲಿಂದ ಹಾರುತ್ತಾನೆ, ಸುಳಿವಿಗಾಗಿ ನೆಲದ ಮೇಲೆ ಹೊಟ್ಟೆ ಹೊಸೆಯುತ್ತಾನೆ, ಇದ್ದಕ್ಕಿದ್ದಂತೆ ಗಹಗಹಿಸಿ ಅಷ್ಟೇ ಬೇಗ ಕಲ್ಲಾಗುತ್ತಾನೆ. ಡಾಯ್ಲ್‌ನ ಮೊದಲ ಹೋಮ್ಸ್ ಕಾದಂಬರಿಯಲ್ಲಿಯೇ ವಾಟ್ಸನ್ ಬರೆದಿಟ್ಟಿದ್ದಾನೆ: ಕೆಲಸದ ಹುಮ್ಮಸ್ಸು ಬಂದಾಗ ಹೋಮ್ಸ್‌ಗೆ ಸಾಟಿಯಿಲ್ಲ, ಅದು ಇಳಿದಾಗ ದಿನಗಟ್ಟಲೆ ಮಾತಿಲ್ಲದೆ ಸೋಫಾದ ಮೇಲೆ ಬಿದ್ದಿರುತ್ತಾನೆ ಎಂದು. ಈ ಏರಿಳಿತವನ್ನು ಹಿಂದಿನ ನಟರು ಅಷ್ಟಾಗಿ ಗಮನಿಸಿರಲಿಲ್ಲ. ಬ್ರೆಟ್ ಅದನ್ನೇ ಪಾತ್ರದ ಜೀವಾಳ ಮಾಡಿಕೊಂಡ. ಏಕೆ ಹಾಗಾಯಿತು ಎಂಬುದು ಆಗ ಯಾರಿಗೂ ಪೂರ್ತಿ ತಿಳಿದಿರಲಿಲ್ಲ.

1985ರ ಬೇಸಿಗೆ

ಮೊದಲ 13 ಕಂತುಗಳಲ್ಲಿ ವಾಟ್ಸನ್ ಆಗಿದ್ದವನು ಡೇವಿಡ್ ಬರ್ಕ್. ಆ ಸರಣಿಯ ಕೊನೆಯ ಕಂತು 'ದಿ ಫೈನಲ್ ಪ್ರಾಬ್ಲಂ'. ಡಾಯ್ಲ್ ತನ್ನ ನಾಯಕನಿಂದ ಬೇಸತ್ತು 1893ರಲ್ಲಿ ಅವನನ್ನು ಸ್ವಿಟ್ಜರ್‌ಲೆಂಡಿನ ರೈಖನ್‌ಬಾಕ್ ಜಲಪಾತಕ್ಕೆ ಬೀಳಿಸಿದ ಕಥೆ ಅದು. ಗ್ರನಾಡಾ ತಂಡ ಅದನ್ನು ಅದೇ ಜಲಪಾತದ ಬಳಿ ಚಿತ್ರೀಕರಿಸಿತು.

ಈ ಕಂತು ಬ್ರಿಟನ್ನಿನಲ್ಲಿ ಪ್ರಸಾರವಾದದ್ದು 1985ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಎರಡು ತಿಂಗಳು ಮೊದಲು, ಜುಲೈನಲ್ಲಿ, ಜೋನ್ ವಿಲ್ಸನ್ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಗಂಡನ ಹೋಮ್ಸ್ ಸರಣಿ ಅದೇ ವರ್ಷ ಅಮೆರಿಕದ ತೆರೆಗೆ ಬಂದದ್ದು ಆಕೆಯೇ ನೋಡಿಕೊಳ್ಳುತ್ತಿದ್ದ 'ಮಿಸ್ಟರಿ!' ಎಂಬ ಕಾರ್ಯಕ್ರಮದಲ್ಲಿ. ಬ್ರೆಟ್‌ಗೆ ಹೋಮ್ಸ್‌ನ ಸಹವಾಸವೇ ಸಾಕೆನ್ನಿಸಿತ್ತು. ಆದರೂ ಹೋಮ್ಸ್‌ಗೆ ಮರುಹುಟ್ಟು ಬಂದಂತೆ ಬ್ರೆಟ್ ಕೂಡ ಕ್ಯಾಮರಾ ಮುಂದೆ ಮರಳಿ ನಿಂತ. 1986ರ ಜುಲೈನಲ್ಲಿ 'ದಿ ಎಂಪ್ಟಿ ಹೌಸ್' ಪ್ರಸಾರವಾಯಿತು. ಬರ್ಕ್ ಅಷ್ಟರಲ್ಲಿ ರಾಯಲ್ ಷೇಕ್ಸ್‌ಪಿಯರ್ ತಂಡಕ್ಕೆ ಹೊರಟುಹೋಗಿದ್ದ. ಹೋಗುವಾಗ ತನ್ನ ಜಾಗಕ್ಕೆ ಎಡ್ವರ್ಡ್ ಹಾರ್ಡ್‌ವಿಕ್‌ನ ಹೆಸರನ್ನು ಅವನೇ ಸೂಚಿಸಿದ್ದ. ಸತ್ತನೆಂದು ತಿಳಿದಿದ್ದ ಗೆಳೆಯ ಕಣ್ಣೆದುರು ನಿಂತಾಗ ಮೂರ್ಛೆ ಹೋಗುವ ವಾಟ್ಸನ್ ಈ ಹಾರ್ಡ್‌ವಿಕ್.

ಆದರೆ ಒಳಗಿನ ಕುಸಿತ ನಿಲ್ಲಲಿಲ್ಲ. 1986ರಲ್ಲಿ ಬ್ರೆಟ್ ಮಾನಸಿಕವಾಗಿ ಪೂರ್ತಿ ಕುಸಿದು ಆಸ್ಪತ್ರೆ ಸೇರಿದ. ವೈದ್ಯರು ಅವನ ಕಾಯಿಲೆಗೆ ಹೆಸರು ಕೊಟ್ಟರು: ಉನ್ಮಾದ-ಖಿನ್ನತೆ. ಇಂದು ವೈದ್ಯರು ಇದನ್ನು ಬೈಪೋಲಾರ್ ಕಾಯಿಲೆ ಎನ್ನುತ್ತಾರೆ. ಮನಸ್ಸು ಕೆಲವು ಕಾಲ ಕಡಿವಾಣವಿಲ್ಲದ ಹುರುಪಿಗೆ ಏರಿ, ಕೆಲವು ಕಾಲ ಏಳಲಾಗದಷ್ಟು ಆಳಕ್ಕೆ ಇಳಿಯುವುದು ಇದರ ಲಕ್ಷಣ.

ಇಲ್ಲಿಯೇ ಆ ಜನಪ್ರಿಯ ಮಾತು ಹುಟ್ಟಿಕೊಂಡಿತು. ಹೋಮ್ಸ್‌ನ ಕತ್ತಲೆ ಬ್ರೆಟ್‌ನನ್ನು ನುಂಗಿತು ಎಂದು ಜನ ಆಡಿಕೊಂಡರು. ಕೇಳಲು ಚೆಂದದ ಕಥೆ. ಆದರೆ ಪಾತ್ರ ಮಾಡಿದ್ದರಿಂದ ಯಾರಿಗೂ ಈ ಕಾಯಿಲೆ ಬರುವುದಿಲ್ಲ. ಇದರ ಬೇರು ವಂಶದಲ್ಲಿಯೂ ಮಿದುಳಿನಲ್ಲಿಯೂ ಇರುತ್ತದೆ. ದುಃಖ, ನಿದ್ದೆಗೇಡು, ದಣಿವು ಅದನ್ನು ಕೆರಳಿಸಬಲ್ಲವು. ಹೆಂಡತಿಯ ಸಾವು ಮತ್ತು ಬಿಡುವಿಲ್ಲದ ಚಿತ್ರೀಕರಣ ಬ್ರೆಟ್‌ನಲ್ಲಿ ಆ ಕೆಲಸ ಮಾಡಿರಬೇಕು. ಹೋಮ್ಸ್‌ನ ಏರಿಳಿತಗಳನ್ನು ಆತ ಅಷ್ಟು ಚೆನ್ನಾಗಿ ಬಲ್ಲವನಾಗಿದ್ದರೆ, ಅದು ಹೋಮ್ಸ್ ಕಲಿಸಿದ್ದೇ ಆಗಿರಬೇಕಾಗಿಲ್ಲ. ತನ್ನೊಳಗೆ ಇದ್ದುದನ್ನೇ ಬ್ರೆಟ್ ಆ ಪುಟಗಳಲ್ಲಿ ಗುರುತು ಹಿಡಿದಿರಬಹುದು.

ಮರಳಿನಲ್ಲಿ ಹೂತ ಸೂಜಿ

1988ರಲ್ಲಿ ಪ್ರಸಾರವಾದ 'ದಿ ಡೆವಿಲ್ಸ್ ಫುಟ್' ಕಂತಿನಲ್ಲಿ ಒಂದು ದೃಶ್ಯವಿದೆ. ಆರೋಗ್ಯ ಕೆಟ್ಟ ಹೋಮ್ಸ್ ವೈದ್ಯರ ಮಾತಿನಂತೆ ಕಾರ್ನ್‌ವಾಲ್ ಕಡಲತೀರಕ್ಕೆ ವಿಶ್ರಾಂತಿಗೆ ಬಂದಿದ್ದಾನೆ. ಕೊಕೇನ್ ಚುಚ್ಚಿಕೊಳ್ಳುವ ತನ್ನ ಸೂಜಿಯನ್ನು ಮರಳಿನಲ್ಲಿ ಹೂತುಹಾಕುತ್ತಾನೆ. ಇದು ಡಾಯ್ಲ್‌ನ ಕಥೆಯಲ್ಲಿಲ್ಲ. ಒಂದು ಪದ ಬಿಟ್ಟರೂ ಜಗಳಾಡುತ್ತಿದ್ದ ಬ್ರೆಟ್ ಇಲ್ಲಿ ತಾನೇ ಮೂಲವನ್ನು ಮೀರಿದ್ದ. ಧಾರಾವಾಹಿಯನ್ನು ಮಕ್ಕಳೂ ನೋಡುತ್ತಾರೆಂದು ತಿಳಿದು, ಡಾಯ್ಲ್‌ನ ಮಗಳು ಡೇಮ್ ಜೀನ್ ಅವರ ಒಪ್ಪಿಗೆ ಪಡೆದು ಈ ಬದಲಾವಣೆ ಮಾಡಿಸಿದ. ಪಾತ್ರದ ಒಳಗೆ ಅಷ್ಟು ಆಳಕ್ಕೆ ಇಳಿದವನು ಅದರ ಹೊರಗೆ ನಿಂತು ಯೋಚಿಸಲೂ ಬಲ್ಲವನಾಗಿದ್ದ ಎಂಬುದಕ್ಕೆ ಇದೊಂದು ಸಾಕ್ಷಿ. ಪಾತ್ರದಲ್ಲಿ ಕಳೆದುಹೋದವನು ಹೀಗೆ ಮಾಡಲಾರ.

ಅದೇ ವರ್ಷ ಲಂಡನ್ನಿನ ವಿಂಡಮ್ಸ್ ಥಿಯೇಟರಿನಲ್ಲಿ ಜೆರೆಮಿ ಪಾಲ್ ಬರೆದ 'ದಿ ಸೀಕ್ರೆಟ್ ಆಫ್ ಷರ್ಲಾಕ್ ಹೋಮ್ಸ್' ನಾಟಕ ಶುರುವಾಯಿತು. ರಂಗದ ಮೇಲೆ ಇಬ್ಬರೇ, ಬ್ರೆಟ್ ಮತ್ತು ಹಾರ್ಡ್‌ವಿಕ್. ಸುಮಾರು ಒಂದು ವರ್ಷ ಅಲ್ಲಿ ನಡೆದು ಬಳಿಕ ಊರೂರು ಸುತ್ತಿತು.

ಕಾಯಿಲೆಗೆ ಕೊಟ್ಟ ಮದ್ದು ಲಿಥಿಯಂ. ಮನಸ್ಸಿನ ಏರಿಳಿತವನ್ನು ಹದಕ್ಕೆ ತರುವ ಈ ಲವಣ ಎಷ್ಟೋ ಜನರ ಜೀವ ಉಳಿಸಿದೆ. ಆದರೆ ಅದು ಕೆಲವರ ಮೈಯಲ್ಲಿ ನೀರು ತುಂಬಿಸುತ್ತದೆ, ತೂಕ ಏರಿಸುತ್ತದೆ. ಬ್ರೆಟ್‌ನಲ್ಲಿ ಹಾಗೆಯೇ ಆಯಿತು. ಬಾಲ್ಯದ ಜ್ವರದಿಂದ ಹಾನಿಗೊಂಡ ಹೃದಯ ಮೊದಲೇ ದುರ್ಬಲ. ಅದರ ಜೊತೆಗೆ ಬಿಡಲಾಗದ ಸಿಗರೇಟು. 1990ರ ದಶಕದ ಕಂತುಗಳನ್ನು ನೋಡಿದರೆ ಈ ಬದಲಾವಣೆ ಎದ್ದು ಕಾಣುತ್ತದೆ. ಕತ್ತಿಯಂತಿದ್ದ ಮುಖ ಊದಿಕೊಂಡಿದೆ, ಉಸಿರು ಭಾರವಾಗಿದೆ, ನೆಗೆತ ನಿಂತಿದೆ. ಕಥೆಗಳೂ ಸೊರಗಿದವು. 1993ರಲ್ಲಿ ಬಂದ ಎರಡು ದೀರ್ಘ ಚಿತ್ರಗಳು ಡಾಯ್ಲ್‌ನಿಂದ ಬಲು ದೂರ ಹೋಗಿ, ಧಾರಾವಾಹಿಯ ಅಭಿಮಾನಿಗಳನ್ನೇ ನಿರಾಶೆಗೊಳಿಸಿದವು. ಕೊನೆಯ ಸರಣಿಯ 'ದಿ ಮ್ಯಾಜರಿನ್ ಸ್ಟೋನ್' ಹೊತ್ತಿಗೆ ಬ್ರೆಟ್ ಎಷ್ಟು ಹದಗೆಟ್ಟಿದ್ದನೆಂದರೆ, ಪತ್ತೇದಾರಿಯ ಕೆಲಸವನ್ನು ಹೋಮ್ಸ್‌ನ ಅಣ್ಣ ಮೈಕ್ರಾಫ್ಟ್‌ಗೆ ವಹಿಸಬೇಕಾಯಿತು. 1994ರ ಏಪ್ರಿಲ್ 11ರಂದು ಪ್ರಸಾರವಾದ 'ದಿ ಕಾರ್ಡ್‌ಬೋರ್ಡ್ ಬಾಕ್ಸ್' ಕೊನೆಯ ಕಂತಾಯಿತು. ಉಳಿದ ಕಥೆಗಳು ಹಾಗೆಯೇ ಉಳಿದವು.

ಆತ ಆಗಲೇ ಬಿಟ್ಟುಬಿಡಬಹುದಿತ್ತಲ್ಲ, ಸೊರಗಿದ ದೇಹವನ್ನು ತೆರೆಯ ಮೇಲೆ ತೋರಿಸಬೇಕಿತ್ತೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಾಯಿಲೆಯವನಿಗೆ ಕೆಲಸ ಬರೀ ಹೊರೆಯಲ್ಲ, ಊರುಗೋಲೂ ಹೌದು. ಬೆಳಿಗ್ಗೆ ಏಳಲು ಒಂದು ಕಾರಣ, ಕಾಯುತ್ತಿರುವ ಗೆಳೆಯರು, ಹೇಳಬೇಕಾದ ಮಾತು ಇವೆಲ್ಲ ಅದರಲ್ಲಿವೆ. ಆ ಕೊನೆಯ ಕಂತುಗಳಲ್ಲಿಯೂ ಕಣ್ಣು ಮತ್ತು ದನಿ ಮಾತ್ರ ಹಳೆಯ ಹೋಮ್ಸ್‌ನವೇ.

ಸ್ವಂತ ದನಿ

ಬ್ರೆಟ್ ತನ್ನ ಕಾಯಿಲೆಯನ್ನು ಬಚ್ಚಿಡಲಿಲ್ಲ. ಹೆಸರುವಾಸಿಯಾದವರು ಮನಸ್ಸಿನ ಕಾಯಿಲೆಯ ಮಾತೆತ್ತಲು ಅಂಜುತ್ತಿದ್ದ ಕಾಲ ಅದು. ಆತ ಪತ್ರಿಕೆಗಳೊಂದಿಗೆ ಅದರ ಬಗ್ಗೆ ಬಿಚ್ಚಿ ಮಾತನಾಡಿದ. 1995ರಲ್ಲಿ ಉನ್ಮಾದ-ಖಿನ್ನತೆಯ ರೋಗಿಗಳಿಗೆ ನೆರವಾಗುವ ಸಂಘಟನೆಯೊಂದರ ಪರವಾಗಿ ಬಿಬಿಸಿ ರೇಡಿಯೋದಲ್ಲಿ ಸಾರ್ವಜನಿಕರಿಗೆ ಮನವಿ ಮಾಡಿದ. ಅದೇ ವರ್ಷ ಸೆಪ್ಟೆಂಬರ್ 12ರಂದು ಲಂಡನ್ನಿನ ಕ್ಲ್ಯಾಪಮ್‌ನ ತನ್ನ ಮನೆಯಲ್ಲಿ ತೀರಿಕೊಂಡ. ಕಾರಣ ಹೃದಯ ವೈಫಲ್ಯ. ವಯಸ್ಸು 61. ಹದಿನಾರರ ಜ್ವರ ಆರಂಭಿಸಿದ್ದ ಕೆಲಸ 45 ವರ್ಷಗಳ ನಂತರ ಮುಗಿದಿತ್ತು. ಅದರಲ್ಲಿ ಹೋಮ್ಸ್‌ನ ಕೈವಾಡ ಹುಡುಕಬೇಕಾಗಿಲ್ಲ.

ಬ್ರೆಟ್‌ನ ನಂತರವೂ ಹೋಮ್ಸ್‌ಗಳು ಬಂದರು. 2010ರಲ್ಲಿ ಬಿಬಿಸಿ ಹೋಮ್ಸ್‌ನ ಕೈಗೆ ಮೊಬೈಲು ಕೊಟ್ಟು ಇಪ್ಪತ್ತೊಂದನೆಯ ಶತಮಾನದ ಲಂಡನ್ನಿನಲ್ಲಿ ಓಡಾಡಿಸಿತು. ಅದೂ ಜನಪ್ರಿಯವಾಯಿತು. ಆದರೆ ಡಾಯ್ಲ್ ಬರೆದ ಹೋಮ್ಸ್‌ನನ್ನು ನೋಡಬೇಕು ಎನ್ನುವವರು ಈಗಲೂ ಹೋಗುವುದು ಗ್ರನಾಡಾದ ಆ ಹಳೆಯ ಕಂತುಗಳಿಗೇ.

ಅಮರುಕನ ಕಥೆಯಲ್ಲಿ ಗುರುವಿನ ದೇಹವನ್ನು ಕಾದವರು ಶಿಷ್ಯರು. ಬ್ರೆಟ್‌ನ ಬಳಿ ಅಂಥವರು ಇರಲಿಲ್ಲವೆಂದೇನಿಲ್ಲ. 1986ರಿಂದ ಕೊನೆಯವರೆಗೆ, ಸ್ಟುಡಿಯೋದಲ್ಲಿ, ಹೊರಾಂಗಣದಲ್ಲಿ, ರಂಗದ ಮೇಲೆ ಜೊತೆಗಿದ್ದವನು ಹಾರ್ಡ್‌ವಿಕ್. ಡಾಯ್ಲ್‌ನ ಕಥೆಗಳಲ್ಲಿ ವಾಟ್ಸನ್ ಮಾಡುವುದೂ ಅದನ್ನೇ. ಗೆಳೆಯನ ಹುಮ್ಮಸ್ಸಿಗೂ ಮೌನಕ್ಕೂ ಹೆದರದೆ ಪಕ್ಕದಲ್ಲಿ ಕೂತಿರುತ್ತಾನೆ. ಬ್ರೆಟ್‌ನ ಧಾರಾವಾಹಿಯನ್ನು ಇನ್ನು ಮುಂದೆ ನೋಡುವವರು ಹೋಮ್ಸ್‌ನ ಚಾತುರ್ಯವನ್ನು ನೋಡಿ ಬೆರಗಾಗಲಿ. ಅದರ ಜೊತೆಗೆ ಒಂದು ಕಣ್ಣನ್ನು ವಾಟ್ಸನ್‌ನ ಮೇಲೂ ಇಟ್ಟಿರಲಿ.